ಹೆಸರಿನೊಳಗಿನ ಕೊಕ್ಕೆ

ಮನಾಮದ ಗುದೈಬಿಯಾ, ಆಗಸ್ಟ್.
ಒಳಗಡೆ ತಣ್ಣಗೆ ಕೊರೆವ ಗಾಜು ಹೊರಗಡೆ ಬೆವರುತ್ತದೆ.
ಹಣ ಕಳಿಸುವ ಕೌಂಟರಿನಿಂದ ಬೀದಿಗೆ ಚಾಚಿದ ಸಾಲು
ಮೇಲಿನಿಂದ ನೋಡಿದರೆ ಬರೀ ಅಂಗಿಗಳ ಬಣ್ಣ.

ನಾನು ಇನ್ನೂರ ಹದಿನಾಲ್ಕನೇ ಸಾಲಿನ ಮಗ್ಗುಲಿಗೆ
ಒಂದು ಕೆಂಪು ಚುಕ್ಕೆ ಇಟ್ಟು
ಓಡುತ್ತಿದ್ದ ಪ್ರೋಗ್ರಾಮನ್ನು ನಡುದಾರಿಯಲ್ಲಿ ತಡೆದಿದ್ದೇನೆ.
ನಿಲ್ಲು. ಕೈಯಲ್ಲೇನಿದೆ, ತೋರಿಸು.

ಡಿಬಗ್ಗರ್ ತೋರಿಸಿತು:
ಹೆಸರು = 'ಅಪೊಲಿನ್ ಡಿ'
ಅಷ್ಟೇ.
ಉಳಿದದ್ದು ಆಚೆ ಚೆಲ್ಲಿ, ಅಡಿಗೆ ಕೆಂಪು ಗೆರೆ ಎಳೆಸಿಕೊಂಡು
ಯಾರಿಗೂ ಅರ್ಥವಾಗದ ಆದೇಶದಂತೆ ಬಿದ್ದಿತ್ತು:
ಆಲ್ಮೇಡಾ.

ತಪ್ಪು ಅವಳದಲ್ಲ.
ಡಿ ಆದಮೇಲೆ ಸಣ್ಣದೊಂದು ಕೊಕ್ಕೆ ಅವಳ ಮನೆತನಕ್ಕೆ.
ಮಾತು ಮುಗಿಯಿತೆನ್ನುವ ಗುರುತೂ ಅದೇ ಆಕಾರದ್ದು.
ನಾನೇ ಬರೆದ ತೋರುಗಿಟಕಿಗೆ
ಎರಡರ ವ್ಯತ್ಯಾಸ ನಾನೇ ಕಲಿಸಿರಲಿಲ್ಲ.

ಮುಹರ್ರಕ್‌ನ ಲಾಂಡ್ರಿಯಲ್ಲಿ ಇಸ್ತ್ರಿ ಅವಳ ಕೆಲಸ.
ತೊಂಬತ್ತು ದಿನಾರು, ಕಿನ್ನಿಗೋಳಿಗೆ, ತಂಗಿಯ ಹೊಲಿಗೆ ಮಷಿನಿಗೆ;
ಹೊರಟು ನಾಲ್ಕು ದಿನ, ಮುಟ್ಟಿಲ್ಲ.
"ಎಲ್ಲಿ ಕೂತಿದೆ ಮಾರಾಯ್ರೆ ಹಣ, ಸಮುದ್ರದ ಮೇಲಾ?"
ಕಾರ್ಡನ್ನು ಗಾಜಿನಡಿ ತಳ್ಳಿ ನಕ್ಕಿದ್ದಳು:
"ಇದರಲ್ಲಿ ನಾನು ಅಬೊಲಿನ್. ಅರಬಿಯಲ್ಲಿ ಪ ಇಲ್ಲವಂತಲ್ಲ.
ಇರಲಿ ಬಿಡಿ, ಕೊಂಕಣಿಯಲ್ಲಿ ಅಬೊಲಿ ಅಂದರೆ ಅಬ್ಬಲಿಗೆ ಹೂ."

ಪಕ್ಕದ ಮೇಜಿನ ಸಬೀಕಾ ಹೇಳುತ್ತಾಳೆ,
ಸ್ಟ್ರಿಂಗನ್ನು ಬರಿಗೈಯಲ್ಲಿ ಮುಟ್ಟಬೇಡ.
ಗಂಟೆ ಬಾರಿಸುವ ಅಕ್ಷರವಿರುತ್ತದೆ ಒಳಗೆ,
ಪರದೆಯನ್ನೇ ಒರೆಸಿಬಿಡುವುದಿರುತ್ತದೆ,
ಇಡೀ ಸಾಲನ್ನು ಮಗುಚಿ ಹಾಕುವುದೂ.

ಕೊಕ್ಕೆಯ ಮುಂದೊಂದು ಹಿಂದಕ್ಕೊರಗಿದ ಗೆರೆ ನಿಲ್ಲಿಸಿದೆ,
ಬಸ್ ಸ್ಟಾಪಿನ ಗೋಡೆಗೆ ಬೆನ್ನು ಕೊಟ್ಟವನಂತೆ:
ಡಿ\'ಆಲ್ಮೇಡಾ.
ಇವಳನ್ನು ಒಳಗೆ ಬಿಡಿ, ಇದು ಮಾತಿನ ಕೊನೆಯಲ್ಲ.
ಆ ಗೆರೆಯೇ ಯಾರದೋ ಹೆಸರಿನಲ್ಲಿ ಮೊದಲೇ ಇದ್ದರೆ?
ಅದಕ್ಕೂ ಒಂದು ಗೆರೆ.
ಮೊದಲು ಗೆರೆಗೆ, ಆಮೇಲೆ ಕೊಕ್ಕೆಗೆ;
ನಾನು ತಿರುವುಮುರುವು ಮಾಡಿ
ಮಗ್ರಿಬ್ ಬಾಂಗಿನ ತನಕ ಗೆರೆಗಳ ಕಾಡು ಬೆಳೆಸಿದೆ.

ಸರಿಯಾಯಿತು. ಹಣ ಹೋಗಲಿಲ್ಲ.

ಎಸ್ಸೆಮ್ಮೆಸ್ ಅವರವರ ನುಡಿಯಲ್ಲಿ ಹೋಗಲೆಂದು
ಈ ವರ್ಷ ಸೇರಿಸಿದ ಕನ್ನಡದ ಪೆಟ್ಟಿಗೆ:
ಅಲ್ಲಿನ ಹೆಸರು, ಇಲ್ಲಿನ ಹೆಸರು,
ಒಂದರಡಿ ಒಂದು ಇಟ್ಟರೆ ಕೂದಲೆಳೆಯ ಭೇದವಿಲ್ಲ.
ಎರಡೂ ಒಂದೇ ತಾನೆ? ಕೇಳಿದೆ.
ಅಲ್ಲ, ಎಂದಿತು ಯಂತ್ರ.

ಸಿಟ್ಟಿಗೆ ಎಲ್ಲವನ್ನೂ ಸಂಕೇತಕ್ಕಿಳಿಸಿದೆ:
\u0C85\u0CAA\u0CCA\u0CB2...
ಉದ್ದಕ್ಕೂ ಅಂಕಿಗಳು, ಕಟ್ಟಕಡೆಗೆ ಒಂದು \u200F.
ಕಾರ್ಡಿನ ಅರಬಿ ಸಾಲಿನಿಂದ ಉದುರಿ ಅಂಟಿಕೊಂಡದ್ದು.
ಅಗಲವಿಲ್ಲ, ಶಾಯಿಯಿಲ್ಲ,
ಇರುವುದು ದಿಕ್ಕು ಮಾತ್ರ: ಬಲದಿಂದ ಎಡಕ್ಕೆ.
ನಾಲ್ಕು ದಿನ ಹಣವನ್ನು ಹಿಡಿದಿಟ್ಟದ್ದು
ಈ ಇಲ್ಲದಂತಿರುವ ಇರುವಿಕೆ.

ಸಬೀಕಾ ಬಗ್ಗಿ ನೋಡಿದಳು.
"ಭದ್ರವಾಗಿದೆ. ಆದರೆ ಇದು ಯಾರು?"
ಸ್ಲೇಟಿನ ಮೇಲೆ ಉಗುಳು ಹಚ್ಚಿ ಒರೆಸಿ ತಿದ್ದಿದ ನನ್ನ ಅ
ಸೊನ್ನೆ ಸಿ ಎಂಟು ಐದು ಆಗಿ ಕೂತಿತ್ತು,
ಅವಳ ಅಲಿಫ್ ಕೆಳಗಿನ ಸಾಲಿನಲ್ಲಿ ಇನ್ನೊಂದು ಅಂಕಿ.

ಆಮೇಲೆ ಅಕ್ಷರಗಳನ್ನು ಅಕ್ಷರಗಳಾಗಿಯೇ ಬಿಟ್ಟೆ.
ಅಡಗುವುದಕ್ಕೆ ಮಾತ್ರ ಅಂಕಿ, ಕಚ್ಚುವುದಕ್ಕೆ ಮಾತ್ರ ಗೆರೆ:
'ಅಪೊಲಿನ್ ಡಿ\'ಆಲ್ಮೇಡಾ\u200F'
ಬಾಲ ಕತ್ತರಿಸಿದೆ. ಕೆಂಪು ಚುಕ್ಕೆ ತೆಗೆದೆ.
ನಿಂತದ್ದು ಓಡಿತು.

ಗುರುವಾರ ರಸೀದಿಗೆ ಬಂದಳು, ಕೈಗೆ ಗಂಜಿಯ ವಾಸನೆ.
"ಆ ಕೊಕ್ಕೆಯದ್ದೇ ಕಿರಿಕಿರಿಯಾದರೆ ತೆಗೆದುಬಿಡಿ.
ಅದರಿಂದ ನನಗೆಂತ ಆಗಬೇಕು?"

ಬೇಡ, ಅಂದೆ,
ಅದನ್ನು ಕಾಯಲು ಈಗ ಒಬ್ಬ ಆಳು ಇಟ್ಟಿದ್ದೇನೆ.

"ಆಳಾ?" ಅಂದಳು ರಸೀದಿ ಮಡಚುತ್ತ,
"ಅವನಿಗೆ ವೀಸಾ ಉಂಟಾ?"